ಮೂರು ಉದ್ದ, ಎರಡು ಗಿಡ್ಡ

ಓಲ್ಟೆನ್ ರೈಲು ನಿಲ್ದಾಣದ ಎರಡನೆಯ ಕೌಂಟರಿನಲ್ಲಿ ಮೂವತ್ತೊಂಬತ್ತು ವರ್ಷ ಕೂತು ಅರ್ಧ ಊರನ್ನು ಬೆಟ್ಟ ಹತ್ತಿಸಿ ಇಳಿಸಿದವಳು ತೀಲಿ. ಕಾರಿಲ್ಲದವರು, ಕಾರು ಬಿಟ್ಟವರು, ಗಂಡನ ಜೊತೆಗೇ ಗಂಡನ ಕಾರನ್ನೂ ಕಳೆದುಕೊಂಡವರು, ಎಲ್ಲರೂ ಅವಳ ಕಿಟಕಿಯ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಅವಳು ಒಂದು ಸಣ್ಣ ಚೀಟಿಯಲ್ಲಿ ನೀಲಿ ಶಾಯಿಯಿಂದ ಬರೆದುಕೊಡುತ್ತಿದ್ದಳು. ಇಷ್ಟು ಹೊತ್ತಿಗೆ ರೈಲು, ಇಂಥ ಪ್ಲಾಟ್‌ಫಾರ್ಮು, ಇಳಿದು ನಾಲ್ಕು ನಿಮಿಷ ನಡೆದರೆ ಹಡಗು, ಹಡಗಿಳಿದರೆ ಎದುರಿಗೇ ಹಳದಿ ಬಸ್ಸು. ಯಾವ ಸರೋವರದ ಯಾವ ದಂಡೆಗೆ ಮಧ್ಯಾಹ್ನ ನೆರಳು ಬೀಳುತ್ತದೆ, ಯಾವ ಹಳ್ಳಿಯ ಬಸ್ಸು ಭಾನುವಾರ ಕೈಕೊಡುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಜೊತೆಯ ಕೆಲಸದವರು ಅವಳನ್ನು ಕಾರಿಲ್ಲದವರ ಪಾದ್ರಿ ಎಂದು ಚುಡಾಯಿಸುತ್ತಿದ್ದರು. ಮಾರ್ಚಿನಲ್ಲಿ ಅರವತ್ತನಾಲ್ಕು ತುಂಬಿ ನಿವೃತ್ತಿಯಾದಾಗ ಒಂದು ಹೂಗುಚ್ಛ, ಒಂದು ಗಡಿಯಾರ ಕೊಟ್ಟು ಕಳಿಸಿದರು. ಅವಳಿಗೆ ಗಡಿಯಾರ ಕೊಡುವ ಬುದ್ಧಿ ಯಾರಿಗೆ ಹೊಳೆಯಿತೋ!

ಇಷ್ಟೆಲ್ಲ ಊರಿಗೆ ದಾರಿ ಹೇಳಿದವಳು ತಾನು ಹುಟ್ಟಿದೂರಿಗೆ ಹೋಗದೆ ಇಪ್ಪತ್ತಮೂರು ವರ್ಷವಾಗಿತ್ತು.

ಅವಳ ಊರು ಶ್ವಾಂದಿ. ಕಣಿವೆಯ ತಳದಲ್ಲಿ ಗ್ರುಂದ್ ಎಂಬ ಹಳ್ಳಿ. ಅದರ ನೆತ್ತಿಯ ಮೇಲೆ, ಕಡಿದಾದ ಬಂಡೆಯಾಚೆ, ಐದು ಮನೆಗಳ ಶ್ವಾಂದಿ. ಗ್ರುಂದಿನಿಂದ ಅಲ್ಲಿಗೆ ರೈತರದೇ ಒಂದು ರೋಪ್‌ವೇ. ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಷ್ಟು ದೊಡ್ಡ ಮರದ ಗೂಡು ತಂತಿಯ ಮೇಲೆ ಏರಿಳಿಯುತ್ತದೆ. ಊರವರು ಅದನ್ನು ಪೆಟ್ಟಿಗೆ ಎನ್ನುತ್ತಾರೆ. ಪೆಟ್ಟಿಗೆಗೆ ವೇಳಾಪಟ್ಟಿ ಇಲ್ಲ. ಬಂದವರು ಕೆಳಗೆ ನಿಂತು ಬೆಲ್ ಒತ್ತಬೇಕು. ಮೇಲೆ ಮೋಟರಿರುವ ಮನೆಯವರು ಕೇಳಿಸಿಕೊಂಡು ಮೋಟರು ಹಾಕಬೇಕು. ತೀಲಿ ಹುಟ್ಟಿದ್ದು ಆ ಮೋಟರಿನ ಮನೆಯಲ್ಲೇ. ಈಗ ಅಲ್ಲಿರುವವಳು ಅವಳ ಅಕ್ಕ ಸೆಫಿ ಒಬ್ಬಳೇ. ಸೆಫಿ ತಂಗಿಯ ಜೊತೆ ಮಾತು ಬಿಟ್ಟು ಸಹ ಇಪ್ಪತ್ತಮೂರು ವರ್ಷ.

ಅಕ್ಟೋಬರ್ ಮಧ್ಯದಲ್ಲಿ ಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಸುದ್ದಿ ಬಂತು. ಬೆಟ್ಟದ ಹಿಂಬದಿಯಿಂದ ಶ್ವಾಂದಿಗೆ ಕಾರು ಹೋಗುವ ರಸ್ತೆ ಮುಗಿದಿದೆ, ನವೆಂಬರಿನಲ್ಲಿ ತೆರೆಯುತ್ತದೆ. ರೋಪ್‌ವೇ ಈ ತಿಂಗಳ ಕೊನೆಯ ಶನಿವಾರ ಕಡೆಯ ಸಲ ಓಡುತ್ತದೆ, ಆಮೇಲೆ ತಂತಿ ಬಿಚ್ಚುತ್ತಾರೆ. ತೀಲಿ ಅದನ್ನು ಮೂರು ಸಲ ಓದಿದಳು. ತಂತಿ ಹೋದರೆ ಬೆಲ್ಲೂ ಹೋಗುತ್ತದೆ. ಅವಳಿಗೆ ಆ ಬೆಲ್ಲನ್ನು ಒಂದು ಸಲ ಒತ್ತಬೇಕಿತ್ತು. ಒತ್ತಿದ ಮೇಲೆ ಸೆಫಿ ಪೆಟ್ಟಿಗೆ ಬಿಡುತ್ತಾಳೋ ಇಲ್ಲವೋ, ಅದು ಸೆಫಿಗೆ ಬಿಟ್ಟದ್ದು. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನನ್ನು ಎತ್ತದೆ ಬಿಡಬಹುದು. ಬೆಲ್ ಹಾಗಲ್ಲ, ಅದು ನೇರ ಅಡುಗೆಮನೆಯ ಗೋಡೆಯ ಮೇಲೆ ಬಡಿದುಕೊಳ್ಳುತ್ತದೆ.

ಶುಕ್ರವಾರ ತೀಲಿ ತನಗೇ ಒಂದು ಚೀಟಿ ಬರೆದುಕೊಂಡಳು. ಅದೇ ನೀಲಿ ಶಾಯಿ. ಏಳೂ ಐವತ್ತಕ್ಕೆ ರೈಲು, ಒಂಬತ್ತೂ ಹನ್ನೆರಡಕ್ಕೆ ಲೂಸರ್ನಿನಿಂದ ಹಡಗು, ಹನ್ನೆರಡರ ಹೊತ್ತಿಗೆ ಸರೋವರದ ತುದಿಯ ಫ್ಲೂಯೆಲೆನ್, ಹನ್ನೆರಡೂ ಇಪ್ಪತ್ತಕ್ಕೆ ಬಸ್ಸು, ಹನ್ನೆರಡೂ ಐವತ್ತೈದಕ್ಕೆ ಗ್ರುಂದ್. ಅದರ ಕೆಳಗೆ ಶ್ವಾಂದಿ ಎಂದು ಬರೆದು, ಹೊತ್ತು ಬರೆಯುವ ಜಾಗವನ್ನು ಖಾಲಿ ಬಿಟ್ಟಳು.

ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ಒಂಟಿಯಾಗಿ ಓಡಾಡುವವರ ಚಾಳಿ ಇದು. ಯಾರೂ ಬರದಿದ್ದರೆ ಚೀಲವಿದ್ದದ್ದಕ್ಕೇ ಬರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಯಾರೂ ಬರಲಿಲ್ಲ.

ಲೂಸರ್ನಿನಲ್ಲಿ ಹಡಗು ಹತ್ತಿ, ಊಟದ ಕೋಣೆಯಲ್ಲಿ ಕಾಫಿಗೆಂದು ನಿಂತಾಗ, ಬಿಳಿ ಅಂಗಿಯ ಹುಡುಗಿ ಒಬ್ಬರೇನಾ ಎಂದು ಕೇಳಿದಳು. ಹೌದೆಂದಾಗ ಕಿಟಕಿಯ ಮೇಜುಗಳನ್ನೆಲ್ಲ ದಾಟಿಸಿ ಕಂಬದ ಹಿಂದಿನ ಪುಟ್ಟ ಮೇಜಿಗೆ ಕರೆದೊಯ್ದಳು. ತೀಲಿಗೆ ಅದೇನೂ ಹೊಸದಲ್ಲ. ಆದರೂ ಆ ದಿನ ಅದು ಚುಚ್ಚಿತು. ಅಕ್ರೋಟು ತುಂಬಿದ ಬನ್ನನ್ನು ಕಂಬ ನೋಡುತ್ತಾ ತಿಂದು ಮುಗಿಸಿ ಮೇಲಿನ ಅಟ್ಟಕ್ಕೆ ಬಂದಳು.

ಅಟ್ಟದ ತುಂಬ ಜೋಡಿಗಳು. ಒಂದು ಗಂಟೆಯಲ್ಲಿ ನಾಲ್ಕು ಸಲ ಯಾರ್ಯಾರೋ ಬಂದು ಫೋನು ಕೊಟ್ಟು, ನಮ್ಮದೊಂದು ಚಿತ್ರ ತೆಗೆಯುತ್ತೀರಾ ಎಂದರು. ಒಬ್ಬಂಟಿ ಹೆಂಗಸನ್ನು ಕಂಡರೆ ಕ್ಯಾಮೆರಾದ ಸ್ಟ್ಯಾಂಡೆಂದೇ ಜನರ ಲೆಕ್ಕ. ತೀಲಿ ನಾಲ್ಕು ಸಲವೂ ತೆಗೆದುಕೊಟ್ಟಳು. ಹಿಮಬೆಟ್ಟದ ತಲೆ ಕತ್ತರಿಸದ ಹಾಗೆ, ದಂಡೆಯ ಚರ್ಚಿನ ಗೋಪುರ ಭುಜದ ಪಕ್ಕ ಬರುವ ಹಾಗೆ, ಚೆನ್ನಾಗಿಯೇ ತೆಗೆದಳು. ನಿಮ್ಮದೊಂದು ತೆಗೆಯಲೇ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಕೇಳಬೇಕಿತ್ತು ಅಷ್ಟೇ.

ಹತ್ತೂವರೆಯ ಹೊತ್ತಿಗೆ ಅವಳ ಎಡಗಣ್ಣಿನ ಹಿಂದೆ ನೋವು ಶುರುವಾಯಿತು. ತಲೆಯೆತ್ತಿ ದಕ್ಷಿಣಕ್ಕೆ ನೋಡಿದಳು. ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿದ್ದವು, ಬಂಡೆಯ ಬಿರುಕುಗಳನ್ನು ಎಣಿಸಬಹುದಿತ್ತು. ಅಕ್ಟೋಬರಿನ ಕೊನೆಗೆ ಬರಬಾರದ ಬೆಚ್ಚನೆಯ ಗಾಳಿ ಕತ್ತಿಗೆ ಊದಿತು. ಜೋಡಿಗಳು ಕೋಟು ಬಿಚ್ಚಿ ಎಂಥಾ ಹಿತ ಎಂದು ಹಿಗ್ಗಿದರು. ತೀಲಿ ಹಿಗ್ಗಲಿಲ್ಲ. ಅದು ಫೆನ್. ಬೆಟ್ಟದಾಚೆಯಿಂದ ಹಾರಿ ಬಂದು ಕಣಿವೆಗೆ ಬೀಳುವ, ತಲೆನೋವು ತರುವ ಬಿಸಿ ಗಾಳಿ. ಫೆನ್ ಬೀಸುವಾಗ ಆ ಸೀಮೆಯಲ್ಲಿ ಒಲೆ ಹಚ್ಚುವುದಿಲ್ಲ, ಸಿಗರೇಟು ಸೇದುವುದಿಲ್ಲ, ಪೆಟ್ಟಿಗೆ ಓಡಿಸುವುದಿಲ್ಲ.

ಇಪ್ಪತ್ತಮೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಅಮ್ಮ ಹಾಸಿಗೆ ಹಿಡಿದಿದ್ದಳು. ಅಮ್ಮನಿಗೆ ಇನ್ನು ಹೆಚ್ಚು ಹೊತ್ತಿಲ್ಲ, ಬಾ ಎಂದು ಸೆಫಿ ಬೆಳಿಗ್ಗೆ ಕೌಂಟರಿಗೇ ಫೋನು ಮಾಡಿದಳು. ತೀಲಿ ಕೌಂಟರಿನ ಬಟ್ಟೆಯಲ್ಲೇ, ಕೌಂಟರಿನ ತೆಳು ಬೂಟಿನಲ್ಲೇ ಹೊರಟು ಮಧ್ಯಾಹ್ನ ಹನ್ನೆರಡೂ ಐವತ್ತೈದಕ್ಕೆ ಗ್ರುಂದಿನಲ್ಲಿ ಇಳಿದಾಗ ಫೆನ್ ಮರಗಳನ್ನು ನೆಲಕ್ಕೆ ಬಗ್ಗಿಸುತ್ತಿತ್ತು. ಫೋನಿನ ತಂತಿ ಆಗಲೇ ಹರಿದುಬಿದ್ದಿತ್ತು. ಉಳಿದದ್ದು ರೋಪ್‌ವೇಯ ಬೆಲ್ ಒಂದೇ, ಮತ್ತು ಬೆಲ್ಲಿನ ಮೇಲೆ ಅಪ್ಪ ಕೈಯಾರೆ ಕೊರೆದ ಹಲಗೆ. ಒಂದು ಸಲ ಒತ್ತಿದರೆ ನಿಲ್ಲು. ಎರಡಕ್ಕೆ ಸಾಮಾನು. ಮೂರಕ್ಕೆ ಜನ. ಅದರ ಕೆಳಗೆ ದಪ್ಪಕ್ಷರದಲ್ಲಿ, ಫೆನ್ ಇದ್ದಾಗ ಬೆಲ್ ಒತ್ತಬಾರದು.

ಆ ಸಾಲಿಗೆ ಅಪ್ಪನ ತಮ್ಮನ ಜೀವ ಬೆಲೆಯಾಗಿ ಬಿದ್ದಿತ್ತು. ಯಾರೋ ಗಾಳಿಯಲ್ಲಿ ಬೆಲ್ ಒತ್ತಿದರು, ಚಿಕ್ಕಪ್ಪ ವೆಂಡೆಲ್ ಕೇಳಿಸಿಕೊಂಡು ಸುಮ್ಮನಿರಲಾರದೆ ಪೆಟ್ಟಿಗೆ ಬಿಟ್ಟ, ಅದು ಸಿಕ್ಕಿಹಾಕಿಕೊಂಡಿತು, ಬಿಡಿಸಲು ಕಂಬ ಹತ್ತಿದವನನ್ನು ಗಾಳಿ ಎತ್ತಿ ಒಗೆಯಿತು. ಬೆಲ್ ಒತ್ತುವುದೆಂದರೆ ಮೇಲಿರುವವರನ್ನು ಧರ್ಮಸಂಕಟಕ್ಕೆ ತಳ್ಳುವುದು ಎಂದು ಅಪ್ಪ ಮಕ್ಕಳಿಬ್ಬರಿಗೂ ಅನ್ನದ ಜೊತೆ ಕಲಸಿ ತಿನ್ನಿಸಿದ್ದ. ಆದ್ದರಿಂದ ತೀಲಿ ಒತ್ತಲಿಲ್ಲ. ಬೆಂಚಿನ ಮೇಲೆ ಕೂತು ಗಾಳಿ ಇಳಿಯಲಿ ಎಂದು ನಾಲ್ಕು ಗಂಟೆ ಕಾದಳು. ಬೆಟ್ಟಕ್ಕೆ ಕಾಲುದಾರಿ ಇತ್ತು, ಎರಡೂವರೆ ಗಂಟೆಯ ಏರು. ಆ ತೆಳು ಬೂಟಿನಲ್ಲಿ ಧೈರ್ಯ ಬರಲಿಲ್ಲ. ಐದೂ ಹತ್ತರ ಕೊನೆಯ ಬಸ್ಸು ಹತ್ತಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬರೋಣ ಎಂದು ಹಿಂದಿರುಗಿದಳು. ಅಮ್ಮ ಆರಕ್ಕೆ ತೀರಿಕೊಂಡಿದ್ದಳು.

ಮಣ್ಣು ಕೊಟ್ಟು ಬರುವಾಗ ಚರ್ಚಿನ ಬಾಗಿಲಲ್ಲಿ ಸೆಫಿ ಹೇಳಿದ್ದು ಎರಡೇ ಮಾತು. ಅಮ್ಮ ಸಂಜೆಯವರೆಗೂ ಬೆಲ್ ಬಡೀತಾ, ಬೆಲ್ ಬಡೀತಾ ಅಂತ ಕೇಳುತ್ತಿದ್ದಳು. ನಡೆದಾದರೂ ಬರಬಹುದಿತ್ತು. ಅಷ್ಟು ಹೇಳಿ ಬೆನ್ನು ತಿರುಗಿಸಿದವಳು ಮತ್ತೆ ಮುಖ ತೋರಿಸಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ತೀಲಿ ಕಾರ್ಡು ಹಾಕಿದಳು. ಉತ್ತರವಿಲ್ಲ. ನಿಯಮ ಪಾಲಿಸಿದ ತಪ್ಪಿಗೆ ಯಾರ ಹತ್ತಿರ ಕ್ಷಮೆ ಕೇಳುವುದೆಂದು ಅವಳಿಗೆ ಇಷ್ಟು ವರ್ಷವಾದರೂ ತಿಳಿಯಲಿಲ್ಲ. ಬೆಲ್ಲಿಗೆ ಕಿವಿಗೊಟ್ಟು ಮಲಗಿದ ಅಮ್ಮ ಮಾತ್ರ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಬ್ರುನ್ನೆನ್ ಬರುವ ಹೊತ್ತಿಗೆ ಸರೋವರ ನೊರೆಗಟ್ಟಿತ್ತು. ಮುಂದೆ ಹೋಗುವುದಿಲ್ಲ, ಎಲ್ಲರೂ ಇಲ್ಲೇ ಇಳಿದು ರೈಲು ಹಿಡಿಯಿರಿ ಎಂದು ಹಡಗಿನ ಧ್ವನಿವರ್ಧಕ ಹೇಳಿತು. ಜೋಡಿಗಳು ಗೊಣಗಿದರು. ತೀಲಿ ದಡದಲ್ಲಿ ನಿಂತು ಕೈಯಲ್ಲಿದ್ದ ಚೀಟಿ ನೋಡಿದಳು. ಪೆಟ್ಟಿಗೆ ಇವತ್ತು ಓಡುವುದಿಲ್ಲ, ಇನ್ನು ಅನುಮಾನವೇ ಇರಲಿಲ್ಲ. ಇಲ್ಲಿಂದಲೇ ಮನೆಗೆ ರೈಲು ಹನ್ನೊಂದೂ ಹದಿನೆಂಟಕ್ಕೆ, ಮೂರನೇ ಪ್ಲಾಟ್‌ಫಾರ್ಮು, ಅದೂ ಬಾಯಿಪಾಠ. ಹಿಂದಿರುಗಿದರೆ ತಪ್ಪು ಗಾಳಿಯದಾಗುತ್ತಿತ್ತು, ಹಿಂದಿನ ಸಲದ ಹಾಗೆಯೇ. ಅವಳು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿ ಎದುರು ದಿಕ್ಕಿನ ರೈಲು ಹತ್ತಿದಳು.

ಫ್ಲೂಯೆಲೆನಿನಲ್ಲಿ ಹಳದಿ ಬಸ್ಸಿಗೆ ಅವಳೊಬ್ಬಳೇ. ಡ್ರೈವರು ಬಾಲ್ಟ್ಸ್ ನಲವತ್ತರ ಆಸುಪಾಸಿನವನು. ಗ್ರುಂದಿನವನೇ, ಅವನ ಅಪ್ಪನೂ ಇದೇ ದಾರಿಯಲ್ಲಿ ಬಸ್ಸು ಓಡಿಸಿದವನು. ಗಲ್ಲದ ಗುಳಿಯಲ್ಲೇ ಅವನಾರೆಂದು ತೀಲಿಗೆ ಗೊತ್ತಾಯಿತು. ಅವನಿಗೆ ಇವಳ ಗುರುತು ಹತ್ತಲಿಲ್ಲ.

"ಎಲ್ಲಿವರೆಗೆ?" ಎಂದ.

"ಗ್ರುಂದ್. ಆಮೇಲೆ ಶ್ವಾಂದಿಗೆ."

"ಇವತ್ತಾ? ಗಾಳಿ ನೋಡಿದ್ಯಾ? ಸೆಫಿ ಪೆಟ್ಟಿಗೆಗೆ ಬೀಗ ಹಾಕಿ ಕೂತಿರ್ತಾಳೆ. ಕೊನೇ ದಿನ ಅಂತ ಇಡೀ ಊರು ಹತ್ತೋಕೆ ಕಾದಿತ್ತು, ಬ್ಯಾಂಡೂ ಹೇಳಿದ್ರು. ಎಲ್ಲಾ ಗಾಳಿಪಾಲು." ಅವನು ನಕ್ಕ. "ಸಂಜೆ ಐದೂ ಹತ್ತಕ್ಕೆ ನಂದೇ ಕೊನೇ ಬಸ್ಸು. ಬೆಂಚಲ್ಲಿ ಕೂತಿರು, ಹತ್ತಿಸ್ಕೊಂಡು ಹೋಗ್ತೀನಿ."

ಬೆಟ್ಟದ ಮೇಲೆ ಬಹುವಚನವಿಲ್ಲ. ಬಿಷಪ್ಪನಿಗೂ ನೀನು, ಕರುವಿಗೂ ನೀನು. ಓಲ್ಟೆನಿನಲ್ಲಿ ಅವಳನ್ನು ನೀನು ಎನ್ನುವವರು ಒಬ್ಬರೂ ಉಳಿದಿರಲಿಲ್ಲ. ತನ್ನ ಗುರುತು ಹತ್ತದ ಡ್ರೈವರನ ಬಾಯಲ್ಲಿ ಆ ಏಕವಚನ ಕೇಳಿ ತೀಲಿ ಕಿಟಕಿಯ ಕಡೆ ತಿರುಗಿ, ಕಣ್ಣಿಗೆ ಧೂಳು ಬಿತ್ತೆಂಬಂತೆ ಒರೆಸಿಕೊಂಡಳು. ತಿರುವುಗಳಲ್ಲಿ ಬಸ್ಸು ತನ್ನ ಮೂರು ಸ್ವರದ ಹಾರನ್ನನ್ನು ಊದುತ್ತಾ ಏರಿತು.

ಗ್ರುಂದ್ ನಿರ್ಜನವಾಗಿತ್ತು. ಹೋಟೆಲಿನ ಮುಂದೆ ಬ್ಯಾಂಡಿನವರಿಗೆಂದು ಜೋಡಿಸಿದ ಬೆಂಚುಗಳು ಅಡಿಮೇಲಾಗಿ ಬಿದ್ದಿದ್ದವು. ರೋಪ್‌ವೇಯ ಕೆಳಗಿನ ಶೆಡ್ಡು ಹಾಗೇ ಇತ್ತು. ಅದೇ ಬೆಂಚು, ಗೋಡೆಯ ಮೇಲೆ ಮೋಟರಿನ ಮನೆಗೆ ಮಾತಾಡುವ ಅದೇ ಕರಿ ಫೋನು, ಕೆಂಪು ಗುಂಡಿಯ ಅದೇ ಬೆಲ್, ಮೇಲೆ ಅಪ್ಪನ ಹಲಗೆ. ಹೊರಗೆ ತಂತಿ ಗಾಳಿಗೆ ಊಳಿಡುತ್ತಿತ್ತು. ತೀಲಿ ಬೆಂಚಿನ ಮೇಲೆ ಕೂತಳು. ಕೂತ ಕೂಡಲೇ ಮೈ ಹಳೆಯ ಲಯಕ್ಕೆ ಬಿತ್ತು. ಕಾಯೋಣ, ಇಳಿದರೂ ಇಳಿಯಬಹುದು, ಐದೂ ಹತ್ತಕ್ಕೆ ಬಸ್ಸಿದೆ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು ನಿಂತು, ಅಪ್ಪನ ದಪ್ಪಕ್ಷರವನ್ನು ಒಮ್ಮೆ ಪೂರ್ತಿ ಓದಿ, ಗುಂಡಿಗೆ ಬೆರಳಿಟ್ಟಳು.

ಮೂರು ಉದ್ದ. ಆಮೇಲೆ ಎರಡು ಗಿಡ್ಡ.

ಮೂರು ಉದ್ದ ಯಾರು ಬೇಕಾದರೂ ಒತ್ತಬಹುದು. ಬಾಲದ ಎರಡು ಗಿಡ್ಡ ಅವಳೊಬ್ಬಳದು. ಶಾಲೆಯಿಂದ ಬರುವ ಹೆಣ್ಣುಮಕ್ಕಳಲ್ಲಿ ಕೆಳಗೆ ನಿಂತವಳು ಯಾರೆಂದು ಅಮ್ಮನಿಗೆ ತಿಳಿಯಲಿ ಎಂದು ಅಪ್ಪ ಹಂಚಿಕೊಟ್ಟದ್ದು, ಸೆಫಿಗೆ ಒಂದು ಗಿಡ್ಡ, ತೀಲಿಗೆ ಎರಡು.

ಏನೂ ಆಗಲಿಲ್ಲ. ಗಾಳಿ ಶೆಡ್ಡಿನ ತಗಡನ್ನು ಎತ್ತಿ ಎತ್ತಿ ಬಡಿಯಿತು. ಎರಡು ನಿಮಿಷ, ಐದು ನಿಮಿಷ. ನಿಮಿಷ ಎಣಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಮೇಲಿನಿಂದ ಉತ್ತರ ಬಂತು. ಒಂದೇ ಒಂದು ಬೆಲ್.

ಒಂದಕ್ಕೆ ನಿಲ್ಲು.

ಆಯಿತಲ್ಲ, ಎಂದುಕೊಂಡಳು ತೀಲಿ. ಉತ್ತರ ಬೇಕೆಂದು ಬಂದೆ, ಉತ್ತರ ಸಿಕ್ಕಿತು. ಚೀಲ ಎತ್ತಿಕೊಂಡಳು. ಅಷ್ಟರಲ್ಲಿ ಗೋಡೆಯ ಕರಿ ಫೋನು ಗರಗರ ಎಂದಿತು. ಅವಳು ಅದನ್ನು ಕಿವಿಗಿಟ್ಟಳು.

"ಯಾರು?" ಎಂದಿತು ಅತ್ತಲಿನ ದನಿ. ಸೆಫಿಯದೇ, ಮುದಿಯಾಗಿತ್ತು, ಮೆತ್ತಗಾಗಿರಲಿಲ್ಲ.

"ನಾನು."

"ಫೆನ್ ಇದ್ದಾಗ ಬೆಲ್ ಒತ್ತಬಾರದು ಅಂತ ಅಪ್ಪ ಬರೆದಿದ್ದಾನಲ್ಲ, ಕಣ್ಣಿಗೆ ಕಾಣಲಿಲ್ವಾ?"

"ಕಾಣ್ತು."

"ಮತ್ಯಾಕೆ ಒತ್ತಿದೆ?"

"ಆವತ್ತು ಒತ್ತಲಿಲ್ವಲ್ಲ, ಅದಕ್ಕೆ."

"ಗಾಳೀಲಿ ನಾನು ಜನ ಹತ್ತಿಸಲ್ಲ," ಎಂದಳು ಸೆಫಿ. "ಎಷ್ಟು ನಂಬರು ಈಗ ನಿನ್ನ ಕಾಲು?"

ಯಾಕೆ ಕೇಳಿದಳೆಂದು ತೀಲಿಗೆ ಅರ್ಥವಾಗಲಿಲ್ಲ. "ಮೂವತ್ತೊಂಬತ್ತು," ಎಂದಳು.

ಫೋನು ಇಟ್ಟ ಸದ್ದಾಯಿತು.

ಅರ್ಧ ಗಂಟೆಗೂ ಹೆಚ್ಚು ಕಳೆಯಿತು. ಎರಡು ಗಂಟೆ ಆಗುತ್ತಾ ಬಂದಾಗ ಗಾಳಿ ಒಂದು ಗಳಿಗೆ ಉಸಿರು ಹಿಡಿಯಿತು, ಒಡನೆಯೇ ತಂತಿ ನಡುಗಿತು. ತೀಲಿ ಹೊರಗೆ ಓಡಿಬಂದು ನೋಡಿದರೆ ಬಂಡೆಯ ತುದಿಯಿಂದ ಪೆಟ್ಟಿಗೆ ಇಳಿಯುತ್ತಿದೆ! ನಡು ದಾರಿಯಲ್ಲಿ ಗಾಳಿ ಮತ್ತೆ ಎದ್ದು ಪೆಟ್ಟಿಗೆಯನ್ನು ಒಂದು ಕಡೆಗೆ ಎಸೆಯಿತು. ಚಿಕ್ಕಪ್ಪ ಜೀವ ಕಳೆದುಕೊಂಡ ಕಂಬ ಅಲ್ಲೇ. ಪೆಟ್ಟಿಗೆ ಕಂಬಕ್ಕೆ ಮೈ ತಾಗಿಸಿ, ವಾಲಿ, ಹೇಗೋ ದಾಟಿಕೊಂಡಿತು. ಬೆಲ್ ಒತ್ತಿ ನಿಲ್ಲಿಸಲು ಒಳಕ್ಕೆ ಓಡಿದವಳು ಒತ್ತದೆ ನಿಂತಳು. ನಡುವೆ ನಿಂತರೆ ಇನ್ನೂ ಕಷ್ಟ. ಅಪ್ಪನ ನಿಯಮವನ್ನು ಆ ಮಧ್ಯಾಹ್ನ ಅಕ್ಕತಂಗಿಯರಿಬ್ಬರೂ ಮುರಿದರು.

ಪೆಟ್ಟಿಗೆ ಶೆಡ್ಡಿನೊಳಕ್ಕೆ ಬಂದು ನಿಂತಿತು. ಒಳಗೆ ಯಾರೂ ಇಲ್ಲ. ಸೀಟಿನ ಮೇಲೆ ಒಂದು ಜೊತೆ ಬೆಟ್ಟದ ಬೂಟು, ಬಿದ್ದುಹೋಗದ ಹಾಗೆ ಹಸುವಿನ ಹಗ್ಗದಿಂದ ಕಟ್ಟಿಹಾಕಿತ್ತು. ಅಮ್ಮನ ಬೂಟುಗಳು. ಇಷ್ಟು ವರ್ಷವೂ ಯಾರೋ ಅವಕ್ಕೆ ಎಣ್ಣೆ ತಿಕ್ಕುತ್ತಾ ಬಂದಿದ್ದರು. ಚರ್ಮ ಎಲ್ಲೂ ಬಿರಿದಿರಲಿಲ್ಲ. ಒಂದೊಂದರೊಳಗೂ ಹೊಸದಾಗಿ ಹೆಣೆದ ದಪ್ಪ ಉಣ್ಣೆಯ ಕಾಲುಚೀಲ. ಚೀಟಿ ಗೀಟಿ ಏನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಡೆದಾದರೂ ಬರಬಹುದಿತ್ತು ಎಂದು ಚರ್ಚಿನ ಬಾಗಿಲಲ್ಲಿ ಅಂದವಳು, ಹಾಗಾದರೆ ನಡಿ ಎಂದು ಬೂಟು ಕಳಿಸಿದ್ದಳು. ಇದು ಕುಟುಕೋ ಕರೆಯೋ ಎಂದು ತೀಲಿ ಯೋಚಿಸಿದಳು. ಸೆಫಿಯ ವಿಷಯದಲ್ಲಿ ಎರಡೂ ಒಂದೇ.

ಅಮ್ಮನ ಕಾಲು ಮೂವತ್ತೆಂಟು. ಕಾಲುಚೀಲ ತೆಗೆದು ಚೀಲಕ್ಕೆ ಹಾಕಿ, ತನ್ನ ತೆಳು ಕಾಲುಚೀಲದಲ್ಲೇ ಬೂಟು ತೊಟ್ಟಳು. ಬಿಗಿಯಾಯಿತು, ಆದರೂ ಕಾಲು ಹೋಯಿತು. ತನ್ನ ಬೂಟುಗಳನ್ನು ಪೆಟ್ಟಿಗೆಯ ಸೀಟಿಗೆ ಅದೇ ಹಗ್ಗದಿಂದ ಕಟ್ಟಿ, ಎರಡು ಸಲ ಬೆಲ್ ಒತ್ತಿದಳು. ಎರಡಕ್ಕೆ ಸಾಮಾನು. ಗಾಳಿ ಮತ್ತೆ ತಗ್ಗಿದಾಗ ಪೆಟ್ಟಿಗೆ ಅವಳ ಬೂಟು ಹೊತ್ತು ಮೇಲೆ ಹೋಯಿತು. ಇನ್ನು ಬೇರೆ ದಾರಿಯೇ ಉಳಿಯಲಿಲ್ಲ.

ಕಾಲುದಾರಿ ಹೊಳೆಯ ಪಕ್ಕದಿಂದ ಹೊರಟು ಬೀಚ್ ಮರಗಳ ನಡುವೆ ಏರುತ್ತದೆ. ದಾರಿಗಡ್ಡ ಎರಡು ಮರ ಉರುಳಿದ್ದವು, ಹತ್ತಿ ಇಳಿದಳು. ಮೊದಲ ಅರ್ಧ ಗಂಟೆಯಲ್ಲೇ ಹಿಮ್ಮಡಿ ಉರಿಯತೊಡಗಿತು. ಆ ದಾರಿಯಲ್ಲಿ ಎದುರು ಬಂದವರನ್ನು ಮಾತನಾಡಿಸದೆ ದಾಟುವ ಹಾಗಿಲ್ಲ. ಅವಳು ಚಿಕ್ಕವಳಿದ್ದಾಗ ಒಂದು ಇಳಿತಕ್ಕೆ ಹತ್ತಾದರೂ ನಮಸ್ಕಾರ ಆಗುತ್ತಿತ್ತು. ಇವತ್ತು ಒಂದು ನರಪಿಳ್ಳೆಯೂ ಇಲ್ಲ. ಮಾತು ಮರೆತುಹೋದೀತೆಂಬ ಭಯಕ್ಕೆ ಒಂದು ಕಲ್ಲಿಗೆ ಒಮ್ಮೆ ನಮಸ್ಕಾರ ಹೇಳಿ, ನಾಚಿ, ಮುಂದೆ ನಡೆದಳು. ಓಲ್ಟೆನಿನ ಮೂರನೇ ಮಹಡಿಯ ಮನೆ ನೆನಪಾಯಿತು. ಈ ಬೆಟ್ಟದಿಂದ ತಾನು ಉರುಳಿ ಬಿದ್ದರೆ ಆ ಮನೆಯಲ್ಲಿ ಯಾರೂ ಕಾಯುವುದಿಲ್ಲ. ಕೆಳಗಿನ ಮನೆಯಾಕೆ ಟಪಾಲು ತುಂಬಿದ್ದು ನೋಡಿ ಎರಡು ವಾರದ ಮೇಲೆ ಪೊಲೀಸರಿಗೆ ಹೇಳಿಯಾಳು. ಇದನ್ನು ಅವಳು ದುಃಖದಿಂದ ಯೋಚಿಸಲಿಲ್ಲ, ರೈಲಿನ ಸಮಯ ಯೋಚಿಸಿದ ಹಾಗೆ ಯೋಚಿಸಿದಳು. ದುಃಖ ಬಂದದ್ದು ಆಮೇಲೆ, ಶಿಲುಬೆ ನೆಟ್ಟ ತಿರುವಿನಲ್ಲಿ ಕೂತು ನೀರು ಕುಡಿಯುವಾಗ. ಅಲ್ಲಿ ತಡೆಯದೆ ಅತ್ತಳು. ಕೇಳುವವರಿಲ್ಲದ ಕಡೆ ಅಳುವುದರಲ್ಲಿ ಒಂದು ಅನುಕೂಲವಿದೆ, ಬೇಗ ಮುಗಿಯುತ್ತದೆ.

ಐದು ದಾಟಿತ್ತು. ಹುಲ್ಲುಗಾವಲಿನ ಅಂಚಿಗೆ ಬಂದಾಗ ಬಹಳ ಕೆಳಗಿನಿಂದ ಮೂರು ಸ್ವರದ ಹಾರನ್ ತೇಲಿಬಂತು. ಬಾಲ್ಟ್ಸ್ ಅವಳಿಗಾಗಿ ಬೆಂಚು ನೋಡಿರಬೇಕು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಊದಿದ. ಆಮೇಲೆ ಕೊನೆಯ ಬಸ್ಸು ಅವಳಿಲ್ಲದೆ ಹೋಯಿತು. ತೀಲಿ ಜೀವನದಲ್ಲಿ ಬೇಕೆಂದೇ ತಪ್ಪಿಸಿಕೊಂಡ ಮೊದಲ ಬಸ್ಸು ಅದು.

ಮೋಟರಿನ ಮನೆಯ ಬಾಗಿಲು ತೆರೆದಿತ್ತು. ಸೆಫಿ ಹೊರಗೆ ಬಂದು ನಿಂತಿರಲಿಲ್ಲ. ಒಳಗೆ ಅಡುಗೆಮನೆಯ ಮೇಜಿನ ಹಿಂದೆ ಕೂತು ಒಣಹಣ್ಣಿನ ರೊಟ್ಟಿಯನ್ನು ಹೋಳು ಮಾಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿ, ಮೈ ಅರ್ಧಕ್ಕಿಳಿದಿತ್ತು. ಫೆನ್ ಇದ್ದದ್ದರಿಂದ ಒಲೆ ತಣ್ಣಗಿತ್ತು. ಮೇಜಿನ ಮೇಲೆ ಬೆಳಗಿನ ತಂಗಳು ಮ್ಯಾಕರೋನಿ, ಚೀಸು, ಒಂದು ಬಟ್ಟಲು ಬೇಯಿಸಿದ ಸೇಬು. ತೀಲಿಯ ಬೂಟುಗಳು ಹೊಸ್ತಿಲ ಪಕ್ಕ ಜೋಡಿಸಿದ್ದವು.

ಸೆಫಿ ಗೋಡೆಯ ಗಡಿಯಾರ ನೋಡಿದಳು. "ಮೂರು ಗಂಟೆ ಇಪ್ಪತ್ತು ನಿಮಿಷ," ಎಂದಳು. "ನಿನ್ನ ವಯಸ್ಸಲ್ಲಿ ಅಮ್ಮ ಎರಡೂವರೇಲಿ ಹತ್ತೋಳು, ಬೆನ್ನ ಮೇಲೆ ಹಿಟ್ಟಿನ ಮೂಟೆ ಬೇರೆ."

"ಬೂಟು ಕಚ್ತು."

"ಕಚ್ಚಲಿ. ಕೂತ್ಕೋ."

ತೀಲಿ ಕೂತಳು. ಹಸಿವಾಗಿತ್ತು; ಆದರೆ ಕೈ ತಟ್ಟೆಯ ಕಡೆ ಹೋಗಲಿಲ್ಲ. ಗೋಡೆಯ ಮೇಲೆ, ಅಮ್ಮನ ಕೋಣೆಯ ಬಾಗಿಲ ಪಕ್ಕದಲ್ಲೇ, ಬೆಲ್ಲಿನ ಹಿತ್ತಾಳೆಯ ಬಟ್ಟಲು ಹೊಳೆಯುತ್ತಿತ್ತು.

"ನಾನು ಆವತ್ತು ಕೆಳಗೇ ಇದ್ದೆ ಸೆಫಿ," ಎಂದಳು. "ಐದರವರೆಗೂ. ಬೆಲ್ಲಿನ ಪಕ್ಕದಲ್ಲೇ."

"ಗೊತ್ತು. ಬಾಲ್ಟ್ಸನ ಅಪ್ಪ ಆ ವಾರಾನೇ ಹೇಳಿದ್ದ."

"ಗೊತ್ತಿತ್ತಾ?"

"ಗೊತ್ತಿತ್ತು. ಒತ್ತಿದ್ರೂ ನಾನು ಪೆಟ್ಟಿಗೆ ಬಿಡ್ತಿರ್ಲಿಲ್ಲ, ಅದೂ ಗೊತ್ತು." ಸೆಫಿ ಚಾಕು ಕೆಳಗಿಟ್ಟಳು. ಸ್ವಲ್ಪ ಹೊತ್ತು ರೊಟ್ಟಿಯ ಚೂರುಗಳನ್ನು ಬೆರಳಿಂದ ಒಟ್ಟು ಮಾಡಿದಳು. "ಅಮ್ಮ ಬೆಲ್ ಬಡೀತಾ, ಬೆಲ್ ಬಡೀತಾ ಅಂತ ಒಂದೇ ಸಮ ಕೇಳ್ತಿದ್ಲು. ಎಷ್ಟು ಸಲ ಅಂತ ಇಲ್ಲ ಅನ್ಲಿ? ಐದೂವರೆಗೆ ಮತ್ತೆ ಕೇಳಿದಾಗ ಹೂಂ ಅಂದ್ಬಿಟ್ಟೆ. ಮೂರು ಉದ್ದ, ಎರಡು ಗಿಡ್ಡ, ತೀಲಿ ಕೆಳಗೆ ಬಂದಿದ್ದಾಳೆ, ಗಾಳಿ ಇಳಿದ ತಕ್ಷಣ ಹತ್ತಿಸ್ಕೋತೀನಿ ಅಂದೆ. ಸರಿ ಅಂತ ಗೋಡೆ ಕಡೆ ತಿರುಗಿ ಮಲಗಿದ್ಲು. ನೆಮ್ಮದಿಯಾಗಿ ಹೋದ್ಲು."

ಇಪ್ಪತ್ತಮೂರು ವರ್ಷ ತೀಲಿಯ ಕಣ್ಣ ಮುಂದೆ ಕಾಯುತ್ತಾ ಮಲಗಿದ್ದ ಅಮ್ಮ ಕೊನೆಯ ಗಳಿಗೆಯಲ್ಲಿ ಕಾಯುತ್ತಿರಲೇ ಇಲ್ಲ.

"ಇದನ್ನ ಯಾಕೆ ಆಗ್ಲೇ ಹೇಳಲಿಲ್ಲ?"

"ಸಾಯೋಳಿಗೆ ಸುಳ್ಳು ಹೇಳಿದೋಳು ನಾನು. ನನ್ನ ಕೈಲಿ ಹೇಳಿಸಿದೋಳು ನೀನು. ನಿನ್ನ ಮುಖ ನೋಡಿದ್ರೆ ಅದೇ ನೆನಪಾಗ್ತಿತ್ತು," ಎಂದಳು ಸೆಫಿ. "ಇವತ್ತು ಬಡೀತು. ನಿಂಗೆ ಉತ್ತರ ಕೊಡೋಕೆ ತಡ ಆಯ್ತು, ಮೊದಲು ಅಮ್ಮನ ಕೋಣೆ ಬಾಗಿಲಿಗೆ ಹೋಗಿದ್ದೆ."

"ಯಾಕೆ?"

"ಹೇಳಿ ಬರೋಕೆ. ಅಮ್ಮಾ, ಬೆಲ್ ಬಡೀತು ಅಂತ."

ಹೊರಗೆ ತಂತಿ ಇನ್ನೂ ಊಳಿಡುತ್ತಿತ್ತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಆ ಮನೆಯಲ್ಲಿ ಹಾಗೆಲ್ಲ ಮುಟ್ಟುವ ರೂಢಿಯಿರಲಿಲ್ಲ. ಸೆಫಿ ಸೇಬಿನ ಬಟ್ಟಲನ್ನು ತಂಗಿಯ ಕಡೆ ತಳ್ಳಿ, ತಿನ್ನು, ಸೋಮವಾರ ಬೆಳಿಗ್ಗೆ ತಂತಿ ಬಿಚ್ಚೋರು ಬರುತ್ತಾರೆ, ಆ ಬೆಲ್ಲನ್ನು ಗೋಡೆಯಿಂದ ಇಳಿಸಲು ನನಗೊಬ್ಬಳಿಗೆ ಆಗುವುದಿಲ್ಲ ಎಂದಳು. ತೀಲಿ ಚಮಚ ತೆಗೆದುಕೊಂಡಳು.